ಗೀರು ತೋರಿಸುವ ದೀಪದವರಿಗೆ

ಮಾನ್ಯ ತಪಾಸಣಾ ದೀಪದವರೇ,

ಕಾರು ತೊಳೆದು, ಉಜ್ಜಿ, ಹೊಳಪು ಕೊಡುವ ನಮ್ಮ ಅಂಗಡಿಯ ಎಡಗೋಡೆಯ ಮೂರನೆಯ ಮೊಳೆಗೆ ನೇತುಬಿದ್ದು, ಅಂಗೈಯಗಲದ ದೇಹದೊಳಗೆ ನಡುಹಗಲಿನ ಬಿಸಿಲನ್ನೇ ಅಡಗಿಸಿಕೊಂಡಿರುವ ತಮಗೆ, ಅದೇ ಅಂಗಡಿಯ ಒಡತಿಯಾದ ನಾನು ಕೈಗಂಟಿದ ಪಾಲಿಶ್ ಒರೆಸಿಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಬೆಳಿಗ್ಗೆಯಷ್ಟೇ ತಮ್ಮನ್ನು ಚಾರ್ಜಿಗೆ ಹಾಕಿದವಳು ನಾನೇ. ನಾವು ಮಾತ್ರ ಅಷ್ಟೊಂದು ಕ್ಷೇಮವಾಗಿಲ್ಲ ಎಂದು ತಿಳಿಸಲು ಈ ಪತ್ರ. ಇದನ್ನು ಗುಟ್ಟಾಗಿ ತಮ್ಮ ಕಿವಿಗೆ ಹಾಕದೆ, ಗಿರಾಕಿಗಳು ಕೂರುವ ಬೆಂಚಿನ ಮೇಲಿನ ಗೋಡೆಗೆ ಅಂಟಿಸುತ್ತಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ತಮ್ಮ ಗುಣಗಾನ. ತಾವು ಬರುವ ಮುಂಚೆ ಈ ಊರಿನ ಕಾರುಗಳಲ್ಲಿ ಗೀರುಗಳೇ ಇರಲಿಲ್ಲ. ಜನ ತಂತಮ್ಮ ಕಾರನ್ನು ಹಳೇ ಬನಿಯನ್ನಿನಲ್ಲಿ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿ, ಆಹಾ ಎಂದುಕೊಂಡು ಒಳಗೆ ಹೋಗಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದರು. ತಾವು ಬಂದ ಮೇಲೆ ನಮ್ಮ ಕಸುಬಿನ ಪದ್ಧತಿಯೇ ಬದಲಾಯಿತು. ಕೆಲಸ ಹಿಡಿಯುವ ಮುನ್ನ ಶಟರನ್ನು ಅರ್ಧ ಎಳೆದು, ಕಾರಿನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಮ್ಮನ್ನು ಬಾನೆಟ್ಟಿನ ಮೇಲೆ ಓರೆಯಾಗಿ ಹಿಡಿದು ಗುಂಡಿ ಒತ್ತಿದರೆ ಮುಗಿಯಿತು, ಅದುವರೆಗೆ ಕನ್ನಡಿಯಂತಿದ್ದ ಬಣ್ಣದ ತುಂಬ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರುಗಳು ಎದ್ದು ನಿಲ್ಲುತ್ತವೆ, ಕಾರಿನವರ ಮುಖ ಇಳಿದುಹೋಗುತ್ತದೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು "ಅಯ್ಯೋ, ಇಷ್ಟು ವರ್ಷ ಇದರಲ್ಲೇ ಓಡಾಡ್ತಿದ್ನಾ?" ಎಂದು ಬೆಂಚಿನ ಮೇಲೆ ಕುಸಿದು ಕೂತು ನೀರು ಕೇಳಿದ್ದು ತಮಗೂ ನೆನಪಿರಬಹುದು. ಸುಖವಾಗಿದ್ದ ಮನುಷ್ಯನನ್ನು ಅರ್ಧ ನಿಮಿಷದಲ್ಲಿ ಗಿರಾಕಿಯನ್ನಾಗಿ ಮಾಡುವ ತಮ್ಮ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ.

ತಮ್ಮ ಸಹವಾಸದಿಂದ ನನ್ನ ಕಣ್ಣೂ ಕೆಟ್ಟಿತು. ಊಟಕ್ಕೆ ಕೂತರೆ ಚಮಚದ ಗೀರು, ಬಸ್ಸಿನಲ್ಲಿ ಕೂತರೆ ಮುಂದಿನವರ ಕನ್ನಡಕದ ಗೀರು. ಪಕ್ಕದ ಮನೆಯವರು ಹೊಸ ಫ್ರಿಜ್ ತೋರಿಸಲು ಪ್ರೀತಿಯಿಂದ ಕರೆದಾಗ ನಾನು ಅದರ ಬಾಗಿಲನ್ನು ಓರೆಗಣ್ಣಿನಲ್ಲಿ ನೋಡುತ್ತ ನಿಂತು, "ಒರಟು ಬಟ್ಟೇಲಿ ಒರೆಸಿದೀರಾ ಅಲ್ವಾ?" ಎಂದು ಕೇಳಿಬಿಟ್ಟೆ. ಒಲೆಯ ಮೇಲಿದ್ದ ಚಹಾ ಆಮೇಲೆ ಒಲೆಯ ಮೇಲೇ ಉಳಿಯಿತು. ಇದನ್ನೆಲ್ಲ ನುಂಗಿಕೊಂಡಿದ್ದೆ, ನುಂಗಿಕೊಂಡೇ ಇರುತ್ತಿದ್ದೆ ಕೂಡ. ನನ್ನ ದೂರು ಇರುವುದು ಅಪ್ಪನ ವಿಷಯದಲ್ಲಿ.

ಈ ಅಂಗಡಿ ಅಪ್ಪ ಕಟ್ಟಿದ್ದು. ತಾವು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲಿನಿಂದಲೂ ಇಲ್ಲಿನ ತಪಾಸಣಾಧಿಕಾರಿ ಎಂದರೆ ಅವರ ಬಲ ಅಂಗೈ. ಕೈಗೆ ಒಂದು ತೆಳು ಪ್ಲಾಸ್ಟಿಕ್ ಕವರು ಸಿಕ್ಕಿಸಿಕೊಂಡು (ಬರಿಗೈಗಿಂತ ಹಾಗೆ ಸವರಿದರೆ ಸಣ್ಣ ಕಣವೂ ದೊಡ್ಡದಾಗಿ ತಿಳಿಯುತ್ತದೆ ಎಂಬುದು ಅವರ ಅನುಭವ), ಕಣ್ಣು ಮುಚ್ಚಿ, ಬಣ್ಣದ ಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆದು "ಹ್ಞೂಂ" ಎಂದರೆ ಕೆಲಸ ಮುಗಿಯಿತೆಂದು ಅರ್ಥ. ಹಳೆಯ ಗಿರಾಕಿಗಳು ಆ "ಹ್ಞೂಂ" ಕೇಳದೆ ಕಾರಿನ ಕೀ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಅದು ಹಳೇ ಕಾಲದ ಆಟ ಎನಿಸಿತ್ತು.

ಹೋದ ತಿಂಗಳು ಹಲ್ಲಿನ ಡಾಕ್ಟರು ತಮ್ಮ ಕಪ್ಪು ಕಾರು ತಂದರು. ಬಾನೆಟ್ಟನ್ನು ನಾನೇ ಮಾಡುತ್ತೇನೆಂದು ಅಪ್ಪ ಹಟ ಹಿಡಿದು, ಯಂತ್ರ ಮುಟ್ಟದೆ, ಎರಡು ದಿನ ಕೈಯಾರೆ ಉಜ್ಜಿದರು. ಡಾಕ್ಟರು ಬಂದು ನೋಡಿ, ಇದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು ಎಂದು ಹಿಗ್ಗಿದರು. ಅಪ್ಪನೂ ಹಿಗ್ಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಮನೆಗೆ ಹೋಗುತ್ತಿದ್ದೆವು. ನಮ್ಮದು ಹೊಸ ಕಾಲದ ಅಂಗಡಿ ಎಂದು ತೋರಿಸುವ ಉಮೇದಿನಲ್ಲಿ ತಮ್ಮನ್ನು ಮೊಳೆಯಿಂದ ಇಳಿಸಲಾಯಿತು, ಗುಂಡಿ ಒತ್ತಲಾಯಿತು, ಬಾನೆಟ್ಟಿನ ಉದ್ದಕ್ಕೂ ಅಪ್ಪನ ಕೈ ಓಡಾಡಿದ ದಾರಿಗಳೆಲ್ಲ ಮಸುಕು ಮಸುಕಾಗಿ ಎದ್ದು ಬಂದವು. ಡಾಕ್ಟರೇ ಒಳ್ಳೆಯ ಮನಸ್ಸಿನಿಂದ, "ಪರವಾಗಿಲ್ಲ ಬಿಡಿ, ವಯಸ್ಸಾದ್ಮೇಲೆ ಎಲ್ರಿಗೂ ಅಷ್ಟೆ" ಎಂದರು. ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತಾವು ನೇತಾಡುವ ಮೊಳೆಯ ಪಕ್ಕದ ಮೊಳೆಗೆ ಸಿಕ್ಕಿಸಿ, "ನನ್ನ ಕಣ್ಣಿಗೆ ಕಾಣ್ಲೇ ಇಲ್ವಲ್ಲಮ್ಮ" ಎಂದಷ್ಟೇ ಹೇಳಿ ಮನೆಗೆ ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಕೇಳಿದರೆ ಮಂಡಿ ನೋವು ಎಂದರು. ಮಂಡಿ ನೋವಿನ ಮನುಷ್ಯ ಮನೆಯಲ್ಲಿ ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆ ಉಜ್ಜುತ್ತಿದ್ದರು. ನಲ್ಲಿ, ಚಿಲಕ, ಕಿಟಕಿಯ ಸರಳು, ತಟ್ಟೆ ಲೋಟ ಎಲ್ಲ ಫಳಫಳ ಎನ್ನತೊಡಗಿ, ಮನೆಯೊಳಗೆ ಕಾಲಿಟ್ಟರೆ ಕಣ್ಣು ಕುಕ್ಕುವಂತಾಯಿತು. ಎರಡು ವಾರ ತಡೆದುಕೊಂಡ ಅಮ್ಮ ಅಂಗಡಿಗೇ ಫೋನ್ ಮಾಡಿ, "ನಿಮ್ಮಪ್ಪನ್ನ ಕರ್ಕೊಂಡು ಹೋಗ್ತೀಯೋ ಇಲ್ವೋ? ಕುಕ್ಕರ್ ತಳಾನೂ ಮುಗೀತು, ಇನ್ನು ಉಳಿದಿರೋದು ನನ್ನ ಮುಖ ಒಂದೇ" ಎಂದು ಬೈದರು. ನಾನು ನಕ್ಕೆನಾದರೂ, ಫೋನ್ ಇಟ್ಟ ಮೇಲೆ ಮೊಳೆಯ ಮೇಲಿನ ಬಟ್ಟೆ ಕಣ್ಣಿಗೆ ಬಿತ್ತು. ಇಬ್ಬರು ಕೂತು ಊಟ ಮಾಡುತ್ತಿದ್ದ ಬೆಂಚಿನಲ್ಲಿ ನಾನೊಬ್ಬಳೇ ಡಬ್ಬಿ ಬಿಚ್ಚುತ್ತಿದ್ದೆ.

ಇನ್ನು ಹೋದ ವಾರದ ಪ್ರಕರಣ. ಅದೇ ಡಾಕ್ಟರ ಮನೆಯವರ ಬಿಳಿ ಕಾರು, ಕೊಂಡು ಎರಡೇ ತಿಂಗಳಾದದ್ದು, ಕೋಟಿಂಗಿಗೆ ಬಂತು. ಕೋಟಿಂಗ್ ಎಂದರೆ ಬಣ್ಣದ ಮೇಲೆ ಹಚ್ಚಿ ಗಾಜಿನ ಹಾಗೆ ಗಟ್ಟಿಯಾಗಿಸುವ ದ್ರವ. ಅದರಡಿಯಲ್ಲಿ ಏನು ಸಿಕ್ಕಿಕೊಂಡಿತೋ ಅದು ವರ್ಷಗಟ್ಟಲೆ ಅಲ್ಲೇ. ಆದ್ದರಿಂದ ಮೊದಲು ಕ್ಲೇ ಎಂಬ ಮೆತ್ತನೆಯ ಮುದ್ದೆಯಿಂದ ಇಡೀ ಕಾರನ್ನು ತಿಕ್ಕಿ, ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನೆಲ್ಲ ಎತ್ತಬೇಕು, ಅರ್ಧ ದಿನದ ಕೆಲಸ. ತಮ್ಮ ಅಭಿಪ್ರಾಯ ಕೇಳಿದೆ. ಮೂಲೆ ಮೂಲೆಗೂ ಬೆಳಕು ಚೆಲ್ಲಿ ತಾವು ಒಂದು ಗೀರನ್ನೂ ತೋರಿಸಲಿಲ್ಲ. ತಾವೇ ಒಪ್ಪಿದ ಮೇಲೆ ಕ್ಲೇ ಯಾಕೆ ಎಂದು ಅದನ್ನು ಬಿಟ್ಟು, ಕೋಟಿಂಗ್ ಬಾಟಲಿಯ ಮುಚ್ಚಳ ತೆರೆದೆ. ಆಗ ನನ್ನ ಊಟದ ಡಬ್ಬಿ ಹಿಡಿದು ಅಪ್ಪ ಬಂದರು. ಡಬ್ಬಿಯನ್ನು ನಾನು ಮರೆತಿರಲಿಲ್ಲ, ಅಮ್ಮ ಬಚ್ಚಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು.

ಡಬ್ಬಿ ಬೆಂಚಿನ ಮೇಲಿಟ್ಟು, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹೊರಟವರು ಕಾರಿನ ಪಕ್ಕ ಬಂದಾಗ ನಿಂತರು. ಕೈ ಸುಮ್ಮನಿರಬೇಕಲ್ಲ! ಡಬ್ಬಿಗೆ ಸುತ್ತಿದ್ದ ಕವರನ್ನೇ ಬಿಚ್ಚಿ ಕೈಗೆ ಹಾಕಿಕೊಂಡು, ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಎಳೆದರು. "ಹ್ಞೂಂ" ಬರಲಿಲ್ಲ. ಇನ್ನೊಮ್ಮೆ ಎಳೆದು, "ಬಾಟ್ಲಿ ಮುಚ್ಚಳ ಹಾಕು. ಆ ದೀಪ ಆರಿಸು. ಇಲ್ಲಿ ಬಾ, ಕಣ್ಣು ಮುಚ್ಕೊಂಡು ಕೈ ಇಡು" ಎಂದರು. ಇಟ್ಟೆ. ಉಪ್ಪು ಕಾಗದ ಸವರಿದ ಹಾಗಾಯಿತು. ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ, ಕ್ಲಿನಿಕ್ಕಿನ ಪಕ್ಕದ ಗೋಡೆಗೆ ಯಾರೋ ಬಿಳಿ ಬಣ್ಣವನ್ನು ಸ್ಪ್ರೇ ಹೊಡೆಸಿದ್ದರಂತೆ, ಕಾರು ಅದರ ಕೆಳಗೇ ನಿಂತಿತ್ತಂತೆ. ಬಿಳಿಯ ಮೇಲೆ ಬಿಳಿಯ ತುಂತುರು ತಮಗೆ ಕಾಣಲಿಲ್ಲ, ತಮ್ಮನ್ನು ನಂಬಿದ ನನಗೂ ಕಾಣಲಿಲ್ಲ. ಅದರ ಮೇಲೇ ಕೋಟಿಂಗ್ ಹಚ್ಚಿದ್ದರೆ ಮೊದಲ ಸಲ ಕಾರು ಒರೆಸುವಾಗಲೇ ಆ ತರಕಲು ಅವರ ಕೈಗೆ ಹತ್ತಿ, ಅಪ್ಪ ಮೂವತ್ತು ವರ್ಷ ಕಾಪಾಡಿದ ಅಂಗಡಿಯ ಹೆಸರು ಮಣ್ಣುಪಾಲಾಗುತ್ತಿತ್ತು. ಅಪ್ಪ ಬಾನೆಟ್ಟು, ನಾನು ಬಾಗಿಲುಗಳು, ಇಬ್ಬರೂ ಸಂಜೆಯವರೆಗೆ ಕ್ಲೇ ತಿಕ್ಕಿದೆವು. ಕೊನೆಗೆ ಅವರು ಕೈ ಎಳೆದು "ಹ್ಞೂಂ" ಎಂದಾಗ ನನಗೆ ಅಳು ಬಂತು. ಸೋಪಿನ ನೀರು ಕಣ್ಣಿಗೆ ಹಾರಿತೆಂದು ಹೇಳಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ತಾವು ದಯಮಾಡಿ ಮೊಳೆಯಿಂದ ಸ್ವತಃ ಇಳಿದು, ನಡೆದುಕೊಂಡೇ ನಮ್ಮ ಮನೆಗೆ ಬಂದು ಅಪ್ಪನ ಕ್ಷಮೆ ಕೇಳಬೇಕು. ಬರುವಾಗ ಕಣ್ಣು ತಗ್ಗಿಸಿರಬೇಕು, ಇಲ್ಲದಿದ್ದರೆ ನಮ್ಮ ಮನೆಯ ಪಾತ್ರೆಗಳ ಹೊಳಪಿಗೆ ತಮ್ಮ ಕಣ್ಣೇ ಹೋಗಬಹುದು. ಹದಿನೆಂಟು ವರ್ಷದ ಕಾರನ್ನು ಮಗುವಿನಂತೆ ತಂದು ನಿಲ್ಲಿಸುವವರ ಎದುರು ಅಷ್ಟಿಷ್ಟು ಮಂಜಾಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಸಾಧ್ಯವಾದರೆ ಒಂದು ಅಂಗೈ ಬೆಳೆಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಕೆಲಸವನ್ನು ಯಾರ ಎದುರಿಗೆ ತೋರಿಸಬಾರದು ಎಂಬ ವಿವೇಕವನ್ನು ಇನ್ನಾದರೂ ಕಲಿಯಬೇಕು.

ಈ ಕೊನೆಯ ಕೋರಿಕೆ ಬರೆಯುವಾಗ ಪೆನ್ನು ನಿಂತಿತು. ತಮಗೆ ಗುಂಡಿ ಇದೆ, ಬೆರಳಿಲ್ಲ. ಅವತ್ತು ಡಾಕ್ಟರ ಎದುರಿಗೆ ಆ ಗುಂಡಿ ತಾನಾಗಿ ಒತ್ತಿಕೊಳ್ಳಲಿಲ್ಲ, ಅದನ್ನು ಒತ್ತಿದವಳು ನಾನು. ಅಪ್ಪನ ಕೆಲಸದಲ್ಲಿ ಮಸುಕಿದ್ದರೆ ಡಾಕ್ಟರು ಬರುವ ಮೊದಲೇ ನೋಡಿ, ಯಂತ್ರದಲ್ಲಿ ಎರಡು ಸುತ್ತು ತಿರುಗಿಸಿ ಸರಿ ಮಾಡಬಹುದಿತ್ತು, ಮಾಡಲಿಲ್ಲ. ಅಪ್ಪನೂ ಈ ಮಾತನ್ನು ಇವತ್ತಿನವರೆಗೆ ಎತ್ತಿಲ್ಲ. ಈಗ ದಿನವೂ ಡಬ್ಬಿಯ ನೆಪದಲ್ಲಿ ಬರುತ್ತಾರೆ, ಬೆಂಚಿನ ಮೇಲೆ ಕೂರುತ್ತಾರೆ, ಬಟ್ಟೆಯನ್ನು ಮಾತ್ರ ಮೊಳೆಯಿಂದ ಇಳಿಸಿಲ್ಲ. ಎದುರಿಗೆ ನಿಂತು ತಪ್ಪಾಯಿತು ಎನ್ನಲು ನನಗೆ ಬಾಯಿ ಬರುತ್ತಿಲ್ಲ, ಅದಕ್ಕೇ ತಮ್ಮ ವಿಳಾಸಕ್ಕೆ ಬರೆದಿದ್ದೇನೆ. ಅವಮಾನವಾದದ್ದು ಗಿರಾಕಿಯ ಎದುರಿಗೆ, ಹಾಗಾಗಿ ತಪ್ಪೊಪ್ಪಿಗೆಯೂ ಗಿರಾಕಿಗಳ ಬೆಂಚಿನ ಮೇಲೆಯೇ ಇರಲಿ ಎಂದು ಗೋಡೆಗೆ ಅಂಟಿಸಿದ್ದೇನೆ.

ತಮ್ಮ ವಿಶ್ವಾಸಿ,
ಈಚೆಗೆ ಕಣ್ಣು ಮುಚ್ಚಿ ಕೆಲಸ ಕಲಿಯುತ್ತಿರುವ
ಅಂಗಡಿಯ ಒಡತಿ

ತಾ.ಕ.: ಮರುದಿನ ಬರೆದ ಈ ನಾಲ್ಕು ಸಾಲುಗಳನ್ನು ಗೋಡೆಗೆ ಅಂಟಿಸದೆ, ಮಡಚಿ ತಮ್ಮ ಚಾರ್ಜರಿನ ಡಬ್ಬಿಯೊಳಗೆ ಇಡುತ್ತಿದ್ದೇನೆ. ಅಪ್ಪ ಪತ್ರವನ್ನು ಎರಡು ಸಲ ಓದಿದರು, ಎದ್ದು ಹೋಗಿ ಮೊಳೆಯಿಂದ ಬಟ್ಟೆ ಇಳಿಸಿ ಮೊದಲು ತಮ್ಮನ್ನೇ ಒರೆಸಿದರು. ಒರೆಸುತ್ತ ತಮ್ಮ ಗಾಜಿನ ಮೇಲೆ ಬೆರಳಾಡಿಸಿದಾಗ ಅವರಿಗೆ ಎರಡು ಗೀರು ಸಿಕ್ಕವು. ಬೆಂಚಿನ ಮೇಲೆ ಹಲ್ಲಿನ ಡಾಕ್ಟರು ಕೂತಿದ್ದರಿಂದ, ಅದನ್ನು ಅವರು ನನ್ನ ಕಿವಿಯಲ್ಲಿ ಮಾತ್ರ ಹೇಳಿದರು.