ಹಿಮ ಕಾಣದ ಟೂರ್ ಲೀಡರ್

ಬಹ್ರೇನಿನ ಸೆಖೆಯಲ್ಲಿ ಕೂತು ಹಿಮ ಮಾರುವವನ ಬದುಕಿನಲ್ಲಿ ದಿನಕ್ಕೊಂದು ಎಡವಟ್ಟು ಆಗದಿದ್ದರೇ ಆಶ್ಚರ್ಯ. ತೊಂಬತ್ತರ ದಶಕದಲ್ಲಿ ನಾನು ಮನಾಮಾದ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬರೆಯುತ್ತಿದ್ದೆ. ಆಗಿನ ಕೆಲವು ಸಂಗತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

೧. ಅನುಭವ

ನಮ್ಮ ಅರ್ಬಾಬ್, ಅಂದರೆ ಮಾಲೀಕರು, ಒಂದು ಚಳಿಗಾಲ ಐಸ್‌ಲ್ಯಾಂಡಿನ ಹಿಮನದಿಗೆ ಪ್ರವಾಸ ಹೊರಡಿಸಿದರು. ಹಿಮದ ಮೇಲೆ ನಡಿಗೆ, ಜೊತೆಗೆ ಸ್ನೋಮೊಬೈಲ್ ಎಂಬ ಹಿಮದ ಸ್ಕೂಟರಿನ ಸವಾರಿ. ಜನರ ಜೊತೆ ಹೋಗಲು ಅನುಭವಿ ಟೂರ್ ಲೀಡರ್ ಬೇಕಿತ್ತು.

"ಸ್ನೋ ದೇಖಾ ಹೈ?" ಎಂದು ನನ್ನನ್ನು ಕೇಳಿದರು.

ಎಂಟು ವರ್ಷ ಊರವರಿಗೆಲ್ಲ ಲಂಡನ್, ಪ್ಯಾರಿಸ್ ಟಿಕೆಟ್ ಬರೆದುಕೊಟ್ಟು, ನಾನು ಮಾತ್ರ ಗುದೈಬಿಯಾದ ಫ್ಲ್ಯಾಟಿನಿಂದ ಊರಿಗೆ, ಊರಿನಿಂದ ಫ್ಲ್ಯಾಟಿಗೆ ಓಡಾಡಿದವನು. ಆಸೆ ತಡೆಯಲಾಗಲಿಲ್ಲ. "ಬಹುತ್ ದೇಖಾ ಹೈ, ಅರ್ಬಾಬ್" ಅಂದೆ. ನೋಡಿದ್ದು ಫ್ಲ್ಯಾಟಿನ ಕೆಳಗಿನ ಅಂಗಡಿಯ ಫ್ರೀಜರಿನಲ್ಲಿ.

ಅವರು ಇಡೀ ಆಫೀಸಿಗೆ ಕೇಳುವಂತೆ ಹೇಳಿದರು: "ಶೂಫ್, ನೋಡು! ವಾಪಸ್ ಬಂದ ಮೇಲೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಕೇಳ್ತೇನೆ. ಲೀಡರಿಗೆ ಏನೂ ಬರೋದಿಲ್ಲ ಅಂತ ಒಬ್ಬ ಹೇಳಿದರೂ ಖಲಾಸ್, ನಿನ್ನ ಕೆಲಸ ಹೋಯಿತು."

ಪ್ರವಾಸಕ್ಕೆ ಹೆಸರು ಕೊಡಲು ಬಂದಿದ್ದ ಒಬ್ಬರು ನರ್ಸ್ ಎದುರಿಗೇ ಕೂತಿದ್ದರು. ಅರಾದ್‌ನಲ್ಲಿ ಮನೆ, ಊರು ನಮ್ಮ ಮಂಗಳೂರು. ನನ್ನ ಮುಖ ನೋಡಿ ಮೆಲ್ಲನೆ ಕೇಳಿದರು: "ನೀರು ಬೇಕಾ ನಿಮಗೆ?"

೨. ಮೀನಿನ ಕೋಣೆ

ಚಳಿ ಅಭ್ಯಾಸವಾಗಲಿ ಎಂದು ಹೊರಡುವ ವಾರ, ಹೆಸರು ಕೊಟ್ಟಿದ್ದ ಹತ್ತೂ ಜನರಿಗೆ ಜಾಕೆಟ್ ತೊಡಿಸಿ, ನನ್ನ ರೂಮಿನವನು ಕೆಲಸ ಮಾಡುತ್ತಿದ್ದ ಮೀನಿನ ಗೋದಾಮಿನ ಕೋಲ್ಡ್ ರೂಮಿಗೆ ಕರೆದುಕೊಂಡು ಹೋದೆ. ಬಂಗುಡೆ, ಅಂಜಲ್ ಮೀನಿನ ಪೆಟ್ಟಿಗೆಗಳ ನಡುವೆ ಸಾಲಾಗಿ ನಿಲ್ಲಿಸಿ, ಉಸಿರು ಹೇಗೆ ಬಿಡಬೇಕು, ಹೆಜ್ಜೆ ಹೇಗೆ ಇಡಬೇಕು ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಪಾಪ, ಎಲ್ಲರೂ ಭಕ್ತಿಯಿಂದ ಕೇಳಿದರು.

"ಯಾರಿಗಾದ್ರೂ ಎಂತಾದ್ರೂ ಕೇಳ್ಲಿಕ್ಕೆ ಉಂಟಾ?" ಅಂದೆ.

ಉಮ್ ಅಲ್ ಹಸ್ಸಮ್‌ನ ಹಾರ್ಡ್‌ವೇರ್ ಅಂಗಡಿ ಸಾಹುಕಾರರ ಹೆಂಡತಿ ಗ್ಲೌಸ್ ಹಾಕಿದ ಕೈ ಎತ್ತಿದರು.

"ಈ ಅಂಜಲ್ ಕಿಲೋಗೆ ಹೇಗೆ?"

೩. ಬಿಳಿ ಮೀಸೆ

ಹಿಮನದಿಯ ಮೇಲೆ ಸ್ನೋಮೊಬೈಲ್ ಸವಾರಿ ಚೆನ್ನಾಗಿಯೇ ನಡೆಯಿತು. ನಡುವೆ ನಿಂತಾಗ ಸಾಹುಕಾರರು ಫೋಟೋಗೆಂದು ಹೆಲ್ಮೆಟ್ ತೆಗೆದು ಬಗೆಬಗೆಯಾಗಿ ಪೋಸು ಕೊಟ್ಟರು. ನೋಡನೋಡುತ್ತಿದ್ದಂತೆ ಅವರ ಕಪ್ಪು ಮೀಸೆ ಬಿಳಿಯಾಗಿ ಗಟ್ಟಿಯಾಯಿತು. ಕೆನ್ನೆಯೂ ಬೆಳ್ಳಗೆ. ಅಲ್ಲಿನ ಗೈಡ್ ಹೌಹಾರಿ, ಚಳಿಗೆ ಚರ್ಮ ಸಾಯುತ್ತಿದೆ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು ಎಂದು ಕಂಬಳಿ ತರಲು ಓಡಿದ. ಕೆಲಸದ ಚಿಂತೆ ಆಮೇಲೆ, ಮೊದಲು ಮನುಷ್ಯ ಉಳಿಯಲಿ ಎಂದು ಬೇಡಿಕೊಂಡೆ.

ನರ್ಸ್ ಬಂದು ಮೀಸೆಯನ್ನು ಬೆರಳಿನಿಂದ ಕೆರೆದು ಮೂಸಿದರು. "ತೆಂಗಿನೆಣ್ಣೆ" ಅಂದರು.

ಚಳಿಗೆ ಒಳ್ಳೆಯದೆಂದು ಸಾಹುಕಾರರು ಬೆಳಿಗ್ಗೆ ಮುಖಕ್ಕೆಲ್ಲ ಧಾರಾಳವಾಗಿ ಹಚ್ಚಿಕೊಂಡಿದ್ದರಂತೆ. ಅವರ ಸಂತೋಷ ಹೇಳತೀರದು. "ಗುದೈಬಿಯಾದ ಅಂಗಡಿಯವನು ಕಲಬೆರಕೆ ಕೊಡ್ತಾನಾ ಅಂತ ಆರು ವರ್ಷದಿಂದ ಸಂಶಯ ಇತ್ತು ಮಾರಾಯ್ರೆ! ಅಲ್ಲಿಯ ಸೆಖೆಯಲ್ಲಿ ಗೊತ್ತಾಗುದು ಹೇಗೆ? ನೋಡಿ ಹೇಗೆ ಕಟ್ಟಿದೆ. ಅಸಲಿ!"

೪. ಇಳಿಜಾರು

ಕೊನೆಯ ದಿನ ನಡಿಗೆ. ಹಿಮದಲ್ಲಿ ಹೂತುಹೋಗದಂತೆ ಬೂಟಿನಡಿಗೆ ಮೊರದಷ್ಟು ಅಗಲದ ಸ್ನೋಶೂ ಕಟ್ಟಿಕೊಂಡಿದ್ದೆವು. ಒಂದು ಇಳಿಜಾರಿನಲ್ಲಿ ಗೈಡ್ ತಾನು ಮೊದಲು ಇಳಿದು ಕೆಳಗೆ ನಿಂತು, "ಇನ್ನು ನಿಮ್ಮ ಅನುಭವಿ ಲೀಡರ್ ತೋರಿಸಿಕೊಡಲಿ" ಎಂದು ಕೂಗಿದ. ಹತ್ತು ಜೋಡಿ ಕಣ್ಣು ನನ್ನ ಮೇಲೆ.

ಮೂರನೇ ಹೆಜ್ಜೆಗೆ ನನ್ನ ಎಡಗಾಲ ಸ್ನೋಶೂವನ್ನು ನನ್ನದೇ ಬಲಗಾಲು ಮೆಟ್ಟಿತು. ಧೊಪ್ಪನೆ ಕುಂಡೆ ಊರಿ ಬಿದ್ದವನು ಗೈಡ್‌ನ ಕಾಲಬುಡದವರೆಗೂ ಜಾರಿದೆ. ಇಲ್ಲಿಗೆ ಮುಗಿಯಿತು ನನ್ನ ಬಹ್ರೇನ್ ಎಂದುಕೊಂಡೆ. ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ನರ್ಸ್ ಮೂರು ಹೆಜ್ಜೆ ಎಣಿಸಿ ನಡೆದು, ಕೈ ಮೇಲೆತ್ತಿ, ಧೊಪ್ಪನೆ ಕೂತು, ಜಾರಿಕೊಂಡು ಬಂದರು. ಆಮೇಲೆ ಸಾಹುಕಾರರು, ವ್ಯಾನಿಟಿ ಬ್ಯಾಗ್ ಅಪ್ಪಿಕೊಂಡ ಅವರ ಹೆಂಡತಿ, ಉಳಿದ ಏಳೂ ಜನ. ಎಲ್ಲರೂ ಶಿಸ್ತಾಗಿ ಮೂರು ಹೆಜ್ಜೆ, ಧೊಪ್!

ಗೈಡ್ ಬಾಯಿ ಬಿಟ್ಟು ನೋಡುತ್ತಿದ್ದ. "ಇದು ನಿಮ್ಮ ಬಹ್ರೇನಿನ ಪದ್ಧತಿಯೋ?" ಎಂದು ಕೇಳಿದ. ಹೌದೆಂದೆ. ಸಾಹುಕಾರರ ಹೆಂಡತಿ ಇನ್ನೊಮ್ಮೆ ಬೇಕೆಂದು ಹಟ ಹಿಡಿದರು.

ವಾಪಸಾದ ಮೇಲೆ ಅರ್ಬಾಬ್ ಎಲ್ಲರಿಗೂ ಫೋನ್ ಮಾಡಿದರು. ಹತ್ತೂ ಜನ ಜಾರಿದ್ದನ್ನೇ ಹೊಗಳಿದರಂತೆ. ಖುಷಿಯಾಗಿ, ಮುಂದಿನ ವರ್ಷವೂ ನಾನೇ ಲೀಡರ್ ಅಂದರು.

ಧನ್ಯವಾದ ಹೇಳಲು ಅರಾದ್‌ಗೆ, ನರ್ಸ್ ಮನೆಗೆ ಹೋದೆ. "ನಿಮಗೂ ಅದೇ ಸರಿಯಾದ ಪದ್ಧತಿ ಅನ್ನಿಸಿತಾ?" ಎಂದು ಕೇಳಿದೆ.

"ಎಂತ ಪದ್ಧತಿ ಮಾರಾಯ್ರೆ? ವಿಮಾನ ಇಳಿದ ಕೂಡಲೇ ನೀವು ಕದ್ದು ಸ್ನೋ ಬಾಯಿಗೆ ಹಾಕಿಕೊಂಡದ್ದು ನಾನು ನೋಡಿದ್ದೇನೆ" ಎಂದು ನಕ್ಕರು. "ಒಬ್ರೇ ಬಿದ್ರೆ ಕೆಲಸ ಹೋಗ್ತದೆ. ಎಲ್ಲರೂ ಬಿದ್ರೆ ಅದು ಪ್ರೋಗ್ರಾಮ್ ಆಗ್ತದೆ."