ಇಂಗಳೇಶ್ವರದ ಪಂಚರ್ ಯಾತ್ರೆ

ವಯಸ್ಸು ಐವತ್ತು ದಾಟಿತೆಂದರೆ ಮನುಷ್ಯನಿಗೆ ಒಂದು ಯಾತ್ರೆ ಬೇಕೇ ಬೇಕು. ನಮ್ಮ ಇಂಡಿ ಪಟ್ಟಣದಲ್ಲಿ ಪುಣ್ಯವಂತರು ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರೆ, ಹಣವಂತರು ಕಾಶಿಗೆ ವಿಮಾನದಲ್ಲಿ ಹೋಗುತ್ತಾರೆ, ಉಳಿದವರು ಸಕ್ಕರೆ ಕಾಯಿಲೆಗೆಂದು ಸೊಲ್ಲಾಪುರದ ಡಾಕ್ಟರರ ಬಳಿಗೆ ಹೋಗುತ್ತಾರೆ. ನಾನು ಈ ಕೊನೆಯ ಗುಂಪಿನವನು. ಆದರೂ ವರ್ಷಕ್ಕೊಮ್ಮೆ ಇವು ಯಾವುದಕ್ಕೂ ಸೇರದ ಇನ್ನೊಂದು ಯಾತ್ರೆಗೆ ಹೊರಡುತ್ತೇನೆ. ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ತನಕ ಪಾದಯಾತ್ರೆ. ಅಲ್ಲಿ ಊರ ಹೊರಗೆ, ರಸ್ತೆಯ ಬದಿಗೆ, ಒಂದು ಚಹದ ಹೋಟೆಲಿನಲ್ಲಿ ನಮ್ಮ ದೇವರಿದ್ದಾರೆ. ದೇವರೆಂದರೆ ಒಬ್ಬ ಕ್ರಿಕೆಟ್ ಆಟಗಾರರು. "ಶ್ರೀಶೈಲಕ್ಕ ನಡೀರಿ ಅಂದ್ರ ಮೊಣಕಾಲ ನೋವು ಅಂತೀರಿ. ಚಾ ಕುಡಿಯಾಕ ಇಂಗಳೇಶ್ವರಕ್ಕ ನಡಕೋತ ಹೋಗ್ತೀರಿ. ಆ ಮೊಣಕಾಲ ಬ್ಯಾರೆ ಇಟ್ಟೀರೇನು?" ಎಂದು ನನ್ನ ಹೆಂಡತಿ ವರ್ಷವೂ ಕೇಳುತ್ತಾಳೆ. ಭಕ್ತಿಯ ವಿಷಯ ಅವಳಿಗೆ ಹೇಳಿ ತಿಳಿಸುವುದು ಕಷ್ಟ.

ನಮ್ಮ ಆಟಗಾರರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು "ಯಾರವರು?" ಎಂದು ಕೇಳುತ್ತೀರಿ, ಆಮೇಲೆ ನಿಮಗೂ ನನಗೂ ಮಾತು ಬೆಳೆಯುತ್ತದೆ. ನಾವು ಅವರನ್ನು ಸಾಹೇಬರು ಎನ್ನುತ್ತೇವೆ. ದೇಶದ ತಂಡಕ್ಕೆ ಕೆಲವೇ ಪಂದ್ಯ ಆಡಿದರು. ಹೊರಗೆ ಹೋಗುವ ಚೆಂಡನ್ನು ಮುಟ್ಟದೆ ಬಿಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಉಳಿದವರು ಬಾರಿಸುವುದನ್ನು ನೋಡಿ ಚಪ್ಪಾಳೆ ತಟ್ಟುವ ಮಂದಿ ಬಹಳ ಇದ್ದಾರೆ. ಬಿಡುವುದನ್ನು ನೋಡಿ ತಟ್ಟುವವರು ಈ ಜಿಲ್ಲೆಯಲ್ಲಿ ನಾವು ನಾಲ್ವರೇ. ಒಳಗೆ ಬರುವ ಚೆಂಡನ್ನೂ ಅವರು ಆಗಾಗ ಅದೇ ವೈರಾಗ್ಯದಿಂದ ಬಿಟ್ಟಿದ್ದರಿಂದ, ಆಯ್ಕೆಗಾರರು ಕೊನೆಗೆ ಅವರನ್ನೇ ಬಿಟ್ಟರು. ಅಂದು ನಾವು ಊಟ ಮಾಡಿರಲಿಲ್ಲ. ರಾತ್ರಿ ಮಾತ್ರ ಮಾಡಿದೆವು.

ನಾಲ್ವರೆಂದರೆ, ಸಿಂದಗಿಯಲ್ಲಿ ಟೈರಿನ ಅಂಗಡಿ ಇಟ್ಟಿರುವ ದಸ್ತಗೀರ, ಮುದ್ದೇಬಿಹಾಳದ ವಕೀಲ ಸಂಗಪ್ಪ, ಬಾಗೇವಾಡಿಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಬಸಣ್ಣ, ಮತ್ತು ಇಂಡಿಯ ನಿಂಬೆಹಣ್ಣಿನ ದಲ್ಲಾಳಿಯಾದ ನಾನು. ಕಾಲೇಜಿನಲ್ಲಿ ಒಂದೇ ಖೋಲಿಯಲ್ಲಿ ಇದ್ದವರು. ಹರೆಯದಲ್ಲಿ ಒಮ್ಮೆ ಸಾಹೇಬರು ಸಿಂದಗಿಯ ಯಾವುದೋ ಕ್ರೀಡಾಕೂಟ ಉದ್ಘಾಟಿಸಲು ಬಂದಿದ್ದರು. ನಾವು ಅವರ ಕಾರಿನ ಹಿಂದೆಯೇ ಎರಡು ಬೈಕಿನಲ್ಲಿ ಹೊರಟೆವು. ಇಂಗಳೇಶ್ವರದ ಹತ್ತಿರ ಕಾರು ಪಂಚರ್ ಆಯಿತು. ದಸ್ತಗೀರ ತಾನೇ ಮಂಡಿಯೂರಿ ಗಾಲಿ ಬಿಚ್ಚಿದ. ಅಷ್ಟು ಹೊತ್ತು ಸಾಹೇಬರು ಆ ಹೋಟೆಲಿನ ಹೊರಸಿನ ಮೇಲೆ ಕುಳಿತು ನಮ್ಮೊಂದಿಗೆ ಮಿರ್ಚಿ ಭಜಿ ತಿಂದರು, ನಮ್ಮ ಹೆಸರು ಕೇಳಿದರು, ಖಾರಕ್ಕೆ ಕಣ್ಣೀರು ಒರೆಸಿಕೊಂಡರು. ಅಷ್ಟೇ. ಆದರೆ ನಮ್ಮ ಬದುಕಿನಲ್ಲಿ ಅದಕ್ಕಿಂತ ದೊಡ್ಡದು ಏನೂ ಆಗಲಿಲ್ಲ, ನಮ್ಮ ಮದುವೆಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ಆ ಟೈರಿನಿಂದ ಕಿತ್ತ ಮೊಳೆ ಇಂದಿಗೂ ದಸ್ತಗೀರನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.

ಮರುವರ್ಷ ಅದೇ ದಿನ ಸುಮ್ಮನೆ ತಮಾಷೆಗೆಂದು ಹೋದೆವು. ಅದರ ಮರುವರ್ಷ ನಡೆದು ಹೋದೆವು. ಮೂರನೆಯ ಸಲ ಬಸಣ್ಣ ಅಂಗಡಿಯಿಂದ ನಾಲ್ಕು ಕೇಸರಿ ಶಲ್ಯ ತಂದ, ಯಾತ್ರೆಗೆ ಶಿಸ್ತು ಬಂತು. ದಸ್ತಗೀರ ಸಾಹೇಬರ ಆಟದ ದಿನಗಳ ಒಂದು ಫೋಟೋಕ್ಕೆ ಕಟ್ಟು ಹಾಕಿಸಿ ಹೋಟೆಲಿನ ಗೋಡೆಗೆ ತೂಗುಹಾಕಿದ. ಊದುಬತ್ತಿ, ತೆಂಗಿನಕಾಯಿ ಸಂಗಪ್ಪನದು. ಹಾರ ನನ್ನ ಸೇವೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಇಂಡಿಯ ನಿಂಬೆಹಣ್ಣು ಹಾಗಲ್ಲ. ವ್ಯಾಪಾರಕ್ಕೆ ಜಾಹೀರಾತೂ ಆಯಿತೆಂದು ಪ್ರತಿ ವರ್ಷ ಆರಿಸಿದ ಹಣ್ಣಿನ ಹಾರ ಒಯ್ಯುತ್ತೇನೆ. ಹಾರ ಹಾಕಿದ ಮೇಲೆ ನನ್ನದೊಂದು ಭಾಷಣ ಇರುತ್ತದೆ. "ಇಂಥವರು ಮತ್ತ ಹುಟ್ಟಿ ಬರಂಗಿಲ್ಲ. ಇದ ಜಾಗಾದಾಗ ನಾವು ಅವರನ್ನ ಕಡೀ ಸಲ ನೋಡಿದ್ವಿ" ಎಂದು ಫೋಟೋಕ್ಕೆ ಕೈಮುಗಿಯುತ್ತೇನೆ. ಬಸಣ್ಣ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಾನೆ. ಹೋಟೆಲಿನ ಶಂಕ್ರವ್ವ ಸೆರಗು ಬಾಯಿಗೆ ಹಿಡಿದು ನಿಲ್ಲುತ್ತಾಳೆ. ಪಂಚರ್ ಆದ ದಿನ ಹೋಟೆಲ್ ನಡೆಸುತ್ತಿದ್ದವನು ಅವಳ ಮಾವ. ಅವನು ತೀರಿಕೊಂಡ ಮೇಲೆ ಬಾಣಲೆ, ಹೊರಸು, ಫೋಟೋ ಎಲ್ಲವೂ ಅವಳ ಪಾಲಿಗೆ ಬಂದಿವೆ.

ಇತ್ತೀಚೆಗೆ ಲಾರಿಯವರು ಆ ಹೋಟೆಲ್ ಬಂದ ಕೂಡಲೇ ನಿಧಾನ ಮಾಡುವುದನ್ನೂ, ಕೆಲವರು ಸ್ಟೇರಿಂಗ್ ಬಿಟ್ಟು ಕೈಮುಗಿಯುವುದನ್ನೂ ನಾವು ನೋಡಿದ್ದೆವು. ಹೊಸ್ತಿಲಲ್ಲಿ ಯಾರೋ ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಇಟ್ಟದ್ದನ್ನೂ ನೋಡಿದ್ದೆವು. ಬೆಂಗಳೂರಿನವರು ಮರೆತರೂ ಲಾರಿ ಡ್ರೈವರರು ಒಳ್ಳೆಯ ಬ್ಯಾಟಿಂಗನ್ನು ಮರೆತಿಲ್ಲವಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ. ಮೂವರೂ ತಲೆದೂಗಿದ್ದರು.

ಹೀಗೆ ಸುಖವಾಗಿ ನಡೆದಿದ್ದ ಯಾತ್ರೆಗೆ ಈ ವರ್ಷ ಸಂಗಪ್ಪ ಕಲ್ಲು ಹಾಕಿದ. ಎಲ್ಲಿಂದಲೋ ಸಾಹೇಬರ ಫೋನ್ ನಂಬರು ಹಿಡಿದು, ನಮ್ಮ ಯಾತ್ರೆಯ ಸುದ್ದಿ ಹೇಳಿ, "ನೀವೂ ಬರ್ರಿ" ಎಂದುಬಿಟ್ಟ. ನಮ್ಮ ಕಡೆ ಕರೆಯುವುದು ಬಾಯಿಯ ಸೌಜನ್ಯ. ಬಸ್ಸಿನಲ್ಲಿ ಪಕ್ಕ ಕುಳಿತವನನ್ನೂ ಮನೆಗೆ ಊಟಕ್ಕೆ ಕರೆಯುತ್ತೇವೆ, ಅವನೂ "ಬರ್ತೇನ್ರಿ" ಎಂದು ಇಳಿದು ಹೋಗುತ್ತಾನೆ. ಈ ರೀತಿ ನೀತಿ ತಿಳಿಯದ ಸಾಹೇಬರು ನಿಜವಾಗಿ ಬರುತ್ತೇನೆಂದರು. ನನಗೆ ನಿದ್ದೆ ಹಾರಿಹೋಯಿತು. ಅವರು ಬಂದು, ನೋಡಿ, "ಇದೆಂಥ ಹುಚ್ಚಾಟ" ಎಂದು ನಕ್ಕರೆ, ಮರುವರ್ಷ ಯಾವ ಮುಖ ಹೊತ್ತು ಶಲ್ಯ ಹೊದೆಯುವುದು? ವರ್ಷದಲ್ಲಿ ಒಂದು ದಿನ ನಾನು ದಲ್ಲಾಳಿಯಲ್ಲ, ಸಕ್ಕರೆ ರೋಗಿಯಲ್ಲ, ಯಾರ ಅಪ್ಪನೂ ಗಂಡನೂ ಅಲ್ಲ. ಆ ಒಂದು ದಿನವನ್ನು ಕಳೆದುಕೊಳ್ಳುವ ಹೆದರಿಕೆ ನನಗೆ ನಿಜವಾಗಿಯೂ ಹತ್ತಿತ್ತು.

ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಸಾಹೇಬರು ಇಳಿದಾಗ ನಾವು ಅವರ ಹಿಂದೆ ಇಳಿಯುವವರನ್ನು ನೋಡುತ್ತಿದ್ದೆವು. ಫೋಟೋದಲ್ಲಿದ್ದ ಕೂದಲು, ಮೀಸೆ ಎರಡೂ ಹೋಗಿದ್ದವು, ಇಲ್ಲದಿದ್ದ ಹೊಟ್ಟೆ ಬಂದಿತ್ತು. ಐದನೆಯ ಶಲ್ಯ ಹೊದಿಸಿ ಕರೆದುಕೊಂಡು ನಡೆದೆವು. ದಾರಿಯಲ್ಲಿ ಒಬ್ಬರಾದರೂ ಗುರುತಿಸಲಿಲ್ಲ. ಗಡ್ಡ ಬಿಟ್ಟ ಸಂಗಪ್ಪನನ್ನು ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಹೊಲದಿಂದ ಓಡಿಬಂದ ಒಬ್ಬ ಮುದುಕಿ ಅವನ ಕಾಲಿಗೆ ಬಿದ್ದಳು. ಮುದ್ದೇಬಿಹಾಳ ಕೋರ್ಟಿನಲ್ಲಿ ಕಕ್ಷಿದಾರರು ಅವನ ಕೊರಳಿಗೆ ಕೈ ಹಾಕುವುದನ್ನು ಕಂಡಿದ್ದ ನಾವು ಬೇರೆ ಕಡೆ ಮುಖ ತಿರುಗಿಸಿದೆವು. ಸಾಹೇಬರನ್ನು ನೋಡಿ ಆಕೆ, "ನೀವು ಸ್ವಾಮ್ಯಾರ ಗಾಡಿ ಹೊಡಿಯಾವ್ರೇನ್ರಿ?" ಎಂದು ಕೇಳಿ ನೀರು ಕೊಟ್ಟಳು. ಸಾಹೇಬರು ಮಾತಾಡದೆ ಕುಡಿದರು. ಮುಟ್ಟದೆ ಬಿಡುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಹೋಟೆಲಿಗೆ ಬಂದೆವು. ಸಾಹೇಬರು ಒಳಗೆ ಕಾಲಿಟ್ಟವರು ಗೋಡೆಯ ಎದುರು ನಿಂತುಬಿಟ್ಟರು. ಅವರ ಹಿಂದೆ ನಿಂತು, ಅವರ ಭುಜದ ಮೇಲಿಂದ, ಆ ಗೋಡೆಯನ್ನು ನಾನೂ ಮೊದಲ ಸಲ ಸರಿಯಾಗಿ ನೋಡಿದೆ. ಫೋಟೋ. ಫೋಟೋಕ್ಕೆ ಹೋದ ವರ್ಷದ ಒಣಗಿದ ಹಾರ. ಮುಂದೆ ದೀಪ. ಬದುಕಿರುವವರ ಫೋಟೋಕ್ಕೆ ಯಾರಾದರೂ ಹಾರ ಹಾಕಿ ದೀಪ ಹಚ್ಚುತ್ತಾರೆಯೇ ಎಂಬ ವಿಚಾರ ಇಷ್ಟು ವರ್ಷ ನಮ್ಮ ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ಸಂಗಪ್ಪ ನನ್ನ ಕಿವಿಯಲ್ಲಿ, "ದೇವರ ಫೋಟೋಕ್ಕೂ ಹಾರ ಹಾಕ್ತೇವಲ್ಲೋ" ಎಂದು ವಾದ ಹೂಡಿದ. ಕೋರ್ಟಿನಲ್ಲಿ ಅವನು ಯಾಕೆ ಸೋಲುತ್ತಾನೆಂದು ಆಗ ತಿಳಿಯಿತು.

ಅಷ್ಟರಲ್ಲಿ ಶಂಕ್ರವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸಾಹೇಬರ ಮುಖ ನೋಡಿದಳು, ಫೋಟೋ ನೋಡಿದಳು. "ತಮ್ಮೇನ್ರಿ ನೀವು ಅವರಿಗೆ? ಮಾರಿ ಥೇಟ್ ಹಂಗ ಐತಿ."

ಸಾಹೇಬರು ಬೋಳು ತಲೆ ಸವರಿಕೊಂಡು, "ಹೌದಮ್ಮ, ತುಂಬಾ ಹತ್ತಿರದವನು" ಎಂದರು.

"ಕುಂದರ್ರಿ, ಕುಂದರ್ರಿ. ನಾ ಇವರನ್ನ ಎಂದೂ ಕೇಳಿಲ್ರಿ, ನೊಂದ ಮಂದೀನ ಏನ್ ಕೇಳೂದು? ಗಾಡಿಗೆ ಇಲ್ಲೇ ಏನೋ ಆತಂತ, ಇಲ್ಲೇ ಕಡೀ ಸಲ ನೋಡಿದ್ರಂತ. ವರ್ಷಾ ತಪ್ಪದ ಬಂದು ಅಳ್ತಾರ್ರಿ ಪಾಪ. ಖಾಸ ಅಣ್ಣತಮ್ಮರೂ ಇಷ್ಟು ಮಾಡಂಗಿಲ್ಲ. ಲಾರಿಯವರಿಗೂ ನಾನ ಹೇಳೇನಿ, ಒಬ್ಬ ದೊಡ್ಡ ಮನುಷ್ಯಾ ಹೋದ ಜಾಗಾ ಐತಿ, ಸಾವಕಾಶ ಹೋಗ್ರಿ ಅಂತ." ಆಕೆ ಸಾಹೇಬರ ಎದುರು ತಟ್ಟೆ ಇಟ್ಟಳು. "ಹೆಂಗಿದ್ದರ್ರಿ ಅವರು?"

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಈಗ ಎದ್ದು ಹೋಗುತ್ತಾರೆ, ನಮ್ಮ ಮೇಲೆ ಮಾನನಷ್ಟದ ದಾವೆ ಹಾಕುತ್ತಾರೆ, ಅದಕ್ಕೂ ಸಂಗಪ್ಪನೇ ನಮ್ಮ ವಕೀಲನಾಗುತ್ತಾನೆ. ಆದರೆ ಸಾಹೇಬರು ಫೋಟೋ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. "ಬಹಳ ಒಳ್ಳೆಯ ಮನುಷ್ಯ ಕಣಮ್ಮ. ಯಾರಿಗೂ ಕೇಡು ಬಯಸಲಿಲ್ಲ. ಇನ್ನೊಂದಷ್ಟು ಮ್ಯಾಚ್ ಆಡಿಸಬೇಕಿತ್ತು. ಆಡಿಸಲಿಲ್ಲ."

"ದೇವರು ನೋಡ್ತಾನ ಬಿಡ್ರಿ" ಎಂದು ಶಂಕ್ರವ್ವ ಆಯ್ಕೆಗಾರರಿಗೆಲ್ಲ ಸೇರಿಸಿ ಶಾಪ ಹಾಕಿದಳು. ಸಾಹೇಬರ ಮುಖ ಅರಳಿತು. ಇಂಥ ಮಾತು ಅವರ ಬಗ್ಗೆ ಯಾವ ಪತ್ರಿಕೆಯವರೂ ಬರೆದಿರಲಿಲ್ಲ. ಆಮೇಲೆ ಅವರೇ ತಮ್ಮ ಫೋಟೋಕ್ಕೆ ನನ್ನ ಹೊಸ ಹಾರ ಹಾಕಿದರು, ಓರೆಯಾಗಿದ್ದುದನ್ನು ಸರಿಪಡಿಸಿದರು, ಊದುಬತ್ತಿ ಬೆಳಗಿದರು. ನನ್ನ ಭಾಷಣಕ್ಕೆ ಎಲ್ಲರಿಗಿಂತ ಮೊದಲು ಅವರೇ ಕಣ್ಣೊರೆಸಿಕೊಂಡರು. ಶಂಕ್ರವ್ವ ಕರಿದುಕೊಟ್ಟ ಮಿರ್ಚಿಯನ್ನು ತಮ್ಮದೇ ತಿಥಿಯ ಊಟವೆಂಬ ಅಳುಕಿಲ್ಲದೆ ತಿಂದರು, ಮತ್ತೆ ಹಾಕಿಸಿಕೊಂಡರು. ಹೊರಡುವಾಗ ನನ್ನ ಕೈ ಹಿಡಿದು ಮೆಲ್ಲಗೆ, "ಆಯಮ್ಮನಿಗೆ ಏನೂ ಹೇಳಬೇಡಿ. ಮುಂದಿನ ವರ್ಷವೂ ನನ್ನನ್ನು ಕರೆಯಿರಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಅಳು ಬಂತು, ಖಾರಕ್ಕೆ ಎಂದು ಹೇಳಿದೆ.

ಆದರೂ ದಾರಿಯುದ್ದಕ್ಕೂ ನಾನು ಅವರನ್ನು ಮನಸ್ಸಿನಲ್ಲೇ ಆಡಿಕೊಂಡೆ. ಹೊಗಳಿಕೆಯ ಆಸೆಗೆ ಮನುಷ್ಯ ಸತ್ತವನಾಗಲೂ ತಯಾರಾಗುತ್ತಾನಲ್ಲ! ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ, ನನ್ನನ್ನೇ ಒಂದು ಗಳಿಗೆ ನೋಡಿ ಸಾರು ಬಡಿಸಿದಳು.

ಒಂದು ಮಾತು ಹೇಳುವುದು ಉಳಿಯಿತು. ಹೊರಡುವ ಮೊದಲು ಸಾಹೇಬರು ಹೋಟೆಲಿನ ಮುಂದೆ ನಮ್ಮ ನಾಲ್ವರ ಫೋಟೋ ತೆಗೆದಿದ್ದರು. "ನೀವೂ ಬರ್ರಿ" ಎಂದರೆ, "ನಾನು ಆಗಲೇ ಗೋಡೆ ಮೇಲಿದ್ದೇನೆ" ಎಂದಿದ್ದರು. ಬಸಣ್ಣ ಅದಕ್ಕೆ ಕಟ್ಟು ಹಾಕಿಸಿ ಶಂಕ್ರವ್ವನಿಗೆ ಕೊಟ್ಟಿದ್ದ. ಕೆಲವು ತಿಂಗಳ ಮೇಲೆ ವಸೂಲಿಗೆಂದು ಒಬ್ಬನೇ ಆ ಕಡೆ ಹೋದಾಗ ಚಹಕ್ಕೆ ಇಳಿದೆ. ನಮ್ಮ ಫೋಟೋ ಸಾಹೇಬರ ಮಗ್ಗುಲಲ್ಲಿತ್ತು. ನನ್ನ ದಲ್ಲಾಳಿ ಕೈ ಧಾರಾಳದ್ದು, ಹಾರ ಯಾವಾಗಲೂ ಉದ್ದವೇ ಆಗುತ್ತದೆ. ಶಂಕ್ರವ್ವ ಅದನ್ನು ಎಳೆದು ಎರಡೂ ಫೋಟೋಕ್ಕೆ ಸೇರಿಸಿ ಹಾಕಿದ್ದಳು. ದೀಪವೂ ನಡುವೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ, "ಅಷ್ಟು ಛಲೋ ನಿಂಬಿಹಣ್ಣು, ಕೆಳಗ ಜೋತು ಬಿದ್ದಿದ್ದುವ್ರಿ" ಎಂದು ಹೇಳಿ ಹಾಲು ತರಲು ಹಿತ್ತಲಿಗೆ ಹೋದಳು.

ಹೊರಸಿನ ಇನ್ನೊಂದು ತುದಿಯಲ್ಲಿ ಒಬ್ಬ ಲಾರಿ ಡ್ರೈವರ್ ಚಹ ಕುಡಿಯುತ್ತಿದ್ದ. ಫೋಟೋದಲ್ಲಿ ನನ್ನ ತಲೆಗೆ ರುಮಾಲು, ಕಣ್ಣಿಗೆ ಕಪ್ಪು ಕನ್ನಡಕ ಇದ್ದುದರಿಂದ ಅವನಿಗೆ ನನ್ನ ಗುರುತು ಹತ್ತುವಂತಿರಲಿಲ್ಲ. ಗೋಡೆ ನೋಡುತ್ತ ಲೊಚಗುಟ್ಟಿದ. "ಪಾಪ, ಇವರೂ ಅದ ಗಾಡ್ಯಾಗ ಇದ್ರೇನ್ರಿ?" ಎಂದು ಕೇಳಿ, ನನ್ನ ಮೇಲೆಯೇ ಬೆರಳಿಟ್ಟು, "ಈ ತುದ್ಯಾಗ ನಿಂತವ್ರು ಯಾರ್ರಿ?" ಎಂದ.

ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಇಂಡಿಯವರ್ರಿ. ನಿಂಬಿಹಣ್ಣಿನ ವ್ಯಾಪಾರ ಇತ್ತು. ಬಾಳ ದೊಡ್ಡ ಮನಸ್ಸಿನ ಮನುಷ್ಯಾ."

ಅವನು ಲೋಟ ಕೆಳಗಿಟ್ಟು, ಚಪ್ಪಲಿ ಕಳಚಿ, ಕಣ್ಣು ಮುಚ್ಚಿ ಕೈಮುಗಿದ. ಅವನೊಬ್ಬನೇ ಮುಗಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ನಾನೂ ಎದ್ದು ನಿಂತು ಮುಗಿದೆ.