ಗೇಟಿನ ಬಾಜೂದ ಕಟ್ಟಿ ಮತ್ತ ಅಧ್ಯಕ್ಷರ ಎರಡನೇ ಕಾರು

ಒಂದ ಗೇಟಿನ್ಯಾಗ ಹದಿನಾರು ಮನಿ ಇದ್ವು ಅಂದ್ರ ನಗೂವಂಥಾ ಸುದ್ದಿಗೆ ಬರ ಬರೂದಿಲ್ಲ. ಒಂದು ಮುಗಿಯೂದ್ರಾಗ ಇನ್ನೊಂದು ಪಾವಟಿಗಿ ಇಳಕೋತ ಬಂದಿರ್ತೈತಿ.

ನಮ್ಮ ಅಪಾರ್ಟಮೆಂಟು ಹುಬ್ಬಳ್ಳಿ ಗೋಕುಲ ರಸ್ತೆಯಿಂದ ಒಂದು ಓಣಿ ಒಳಗ ಐತಿ. ನಾಲ್ಕು ಮಾಳಿಗಿ, ಮಾಳಿಗಿಗೆ ನಾಲ್ಕು ಮನಿ, ಬುಡಕ ಕಾರು ನಿಲ್ಲಸೂ ಜಾಗಾ. ಆ ಜಾಗಾದಾಗ, ಗೇಟಿನ ಬಾಜೂಕ, ಒಂದು ಕಟ್ಟಿ ಐತಿ. ನಕಾಶಾದಾಗ ಅದು ಇಲ್ಲ. ಉಳಿದ ಇಟ್ಟಂಗಿ, ಉಳಿದ ಫರ್ಸಿ ಹಾಕಿ ಗೌಂಡಿಗೋಳು ತಾವು ಊಟಕ್ಕ ಕೂಡಾಕ ಕಟಗೊಂಡಿದ್ರು. ಅವ್ರು ಎದ್ದು ಹೋದ್ರು, ನಾವು ಕುಂತ್ವಿ.

ಮುಂಜಾನೆ ಅದು ವಾಕಿಂಗ ಮುಗಿಸಿ ಬಂದ ಗಂಡಸರದ್ದು. ಪೇಪರ ಓದಿ ದಿನಾ ಒಂದು ಸರಕಾರ ಬೀಳಸ್ತಾರ. ಮಧ್ಯಾಹ್ನ ಮನಿಗೆಲಸದ ಹೆಣಮಕ್ಕಳು ಬುತ್ತಿ ಬಿಚ್ಚತಾರ. ಯಾರ ಮನ್ಯಾಗ ನಿನ್ನೀ ಭಾಂಡೆ ಇವತ್ತಿನ ತನಕಾ ಬಿದ್ದಿದ್ವು ಅನ್ನೂದು ಅಲ್ಲೇ ಗೊತ್ತಾಗೂದು. ಸಂಜೀಕ ಐದರಿಂದ ಏಳು ನಮ್ಮದು. ನಾವಂದ್ರ ನಾಲ್ಕು ಮಂದಿ: ನಾನು, ಸಾಲಿ ಮಾಸ್ತರ ಹೆಂಡ್ತಿ ಮಾಸ್ತರ್ತಿ, ಬ್ಲೌಸ ಹೊಲಿಯೂ ಟೇಲರಬಾಯಿ, ಮೆಣಸಿನಕಾಯಿ ವ್ಯಾಪಾರಸ್ಥರ ಮನಿ ಸಾವಕಾರ್ತಿ. ಯಾರೂ ಹೊತ್ತು ಹಂಚಿಕೊಟ್ಟಿಲ್ಲ. ಆದ್ರ ಒಬ್ಬರ ಹೊತ್ತಿನ್ಯಾಗ ಇನ್ನೊಬ್ರು ಬಂದು ಕೂಡೂದಿಲ್ಲ.

ಇಂಥಾ ಕಟ್ಟಿಗೆ ಶ್ರಾವಣದಾಗ ಗ್ರಹಚಾರ ಬಂತು. ಮೂರನೇ ಮಾಳಿಗಿ ಸಾಹೇಬ್ರು, ನಮ್ಮ ಸಂಘದ ಅಧ್ಯಕ್ಷರು, ಎರಡನೇ ಕಾರು ತಗೊಂಡ್ರು, ಅದನ್ನ ನಿಲ್ಲಸಾಕ ಜಾಗಾ ಇರಲಿಲ್ಲ. ಮರುದಿನ ಲಿಫ್ಟಿನ ಬಾಜೂಕ ಒಂದು ಚೀಟಿ: ‘ಗೇಟಿನ ಬಳಿಯ ಅನಧಿಕೃತ ಕಟ್ಟೆಯನ್ನು ತೆಗೆಯುವ ಬಗ್ಗೆ ಸಭೆ.’ ನಂದು ಮೂರನೇ ಇಯತ್ತೆಗೇ ಸಾಲಿ ಮುಗದೈತಿ, ಮಾಸ್ತರ್ತಿ ಓದಿ ಹೇಳಿದ್ಲು.

“ಅನಧಿಕೃತ ಅಂದ್ರ ಏನವಾ?” ಅಂದೆ.

“ಯಾರೂ ಕರೀದ ತಾನ ಬಂದು ಕುಂತದ್ದು.”

“ಹಂಗಾರ ನಮ್ಮ ಅಧ್ಯಕ್ಷರೂ ಹಂಗ ಆದವ್ರ ಅಲ್ಲೇನ?”

ಮನಿಗೊಂದು ಮತ. ಕಟ್ಟಿ ಉಳೀಬೇಕಂದ್ರ ಒಂಬತ್ತು ಕೈ ಏಳಬೇಕು. ನಮ್ಮವು ನಾಲ್ಕು, ಕಾರೇ ಇಲ್ಲದ ಒಂದು ಮನಿ, ಅಲ್ಲಿಗೆ ಐದು. ಇನ್ನ ನಾಲ್ಕು ಹುಡಕಬೇಕಾತು.

ಕುಕ್ಕರಿನ ಸೀಟಿ

ಒಂದು ಫರ್ಸಿ ಕಲ್ಲಿನ ಸಲುವಾಗಿ ಇಷ್ಟ್ಯಾಕ ಬಡದಾಡತೀರಿ ಅಂತ ಕೇಳಿದವ್ರದಾರ. ಅವ್ರು ಆ ಕಟ್ಟಿ ಮ್ಯಾಲೆ ಕುಂತಿಲ್ಲ.

ಕಟ್ಟೀದು ಒಂದು ನೇಮ ಐತಿ: ಮೊದಲು ಎದ್ದು ಹೋದಾಕಿ ಮ್ಯಾಲೆ ಉಳಿದವ್ರು ಮಾತಾಡೂದು. ಇದು ನಾಲ್ಕೂ ಮಂದಿಗೆ ಗೊತ್ತು, ಅದಕ್ಕ ಯಾರೂ ಮೊದಲು ಏಳೂದಿಲ್ಲ. ಒಂದು ಸಂಜೀಕ ಮ್ಯಾಲೆ ಯಾರದೋ ಮನ್ಯಾಗ ಕುಕ್ಕರ ಸೀಟಿ ಹೊಡಿಯಾಕ ಹತ್ತಿತು. ಮೂರಾತು, ಐದಾತು, ಏಳಾತು.

“ಯಾರ ಮನೀದವಾ ಅದು?” ಅಂದೆ.

“ನಮ್ಮದಲ್ಲ,” ಅಂದ್ಲು ಮಾಸ್ತರ್ತಿ.

“ನಮ್ಮ ಕುಕ್ಕರ ಹಿಂಗ ಹೊಯ್ಕೊಳ್ಳೂದಿಲ್ಲ,” ಅಂದ್ಲು ಸಾವಕಾರ್ತಿ.

ಟೇಲರಬಾಯಿ ಸೀರಿ ನೆರಿಗಿ ಎಣಸಾಕ ಹತ್ತಿದ್ಲು. ಆಕಿ ಮಗಳು ಹಿಂದಿನ ದಿನಾನ ಗಂಡನ ಮನಿಯಿಂದ ಎರಡು ದೊಡ್ಡ ಬ್ಯಾಗ ಹಿಡಕೊಂಡು ಬಂದಿದ್ಲು. ತಾನು ಎದ್ದು ಮ್ಯಾಲೆ ಹೋದ್ರ ನಾವು ಕೆಳಗ ಕುಂತು ಆ ಬ್ಯಾಗ ಬಿಚ್ಚತೇವಿ ಅಂತ ಆಕಿಗೆ ಗೊತ್ತಿತ್ತು. ಮಗಳೋ, ಕಿವ್ಯಾಗ ವೈರ್ ಸಿಗಿಸಿಕೊಂಡು ಗ್ಯಾಲರ್ಯಾಗ ನಿಂತಿದ್ಲು. ಹನ್ನೊಂದನೇ ಸೀಟಿ ಆದ ಮ್ಯಾಲೆ ಸೀದ ವಾಸನಿ ಕೆಳಗ ಇಳೀತು.

“ಎಲ್ಲಾರೂ ಕೂಡೇ ಏಳೂಣೇನ?” ಅಂತ ಟೇಲರಬಾಯಿ ಅಳೂ ದನಿಲೆ ಕೇಳಿದ್ಲು. ಪಾಪ ಅನಿಸ್ತು, ಎದ್ವಿ. ಬ್ಯಾಳಿ ಕರಕಾತು, ಆಕಿ ಮಾನ ಉಳೀತು. ಆದ್ರ ಆಕಿ ಮನಿ ಒಳಗ ಹೋಗಿ ಬಾಗಲಾ ಹಾಕೂದ ತಡ, ನಾವು ಮೂರೂ ಮಂದಿ ಪಾವಟಿಗಿ ಮ್ಯಾಲೆ ನಿಂತ ಬ್ಯಾಗ ಬಿಚ್ಚಿದ್ವಿ.

ನೀರಿನ ಟಾಕಿಯ ನೆರಳು

ನಾಲ್ಕನೇ ಮಾಳಿಗ್ಯಾಗ ಒಬ್ರು ಪೆನ್ಶನ್ ಕಾಕಾ ಅದಾರ. ಹೆಂಡ್ತಿ ತೀರಿ ಮೂರು ವರ್ಷ ಆತು, ಮಗ-ಸೊಸಿ ಕೂಡ ಇರ್ತಾರ. ಎರಡನೇ ಮಾಳಿಗ್ಯಾಗ ಸಂಗೀತ ಕಲಸೂ ಬಾಯಾರು, ಮೂಲ ಧಾರವಾಡದವ್ರು, ಮದವಿ ಗಿದವಿ ಗೋಜಿಗೆ ಹೋದವ್ರಲ್ಲ. ಮಧ್ಯಾಹ್ನ ಮೂರಕ್ಕ ಕಾಕಾ ಛತ್ರಿ ಹಿಡಕೊಂಡು ಮ್ಯಾಲಿನ ಟೆರೇಸಿಗೆ ಹೋಗೂದು. ಐದು ನಿಮಿಷ ಬಿಟ್ಟು ಬಾಯಾರು ಸೆರಗಿನ ಬುಡಕ ಏನೋ ಮುಚ್ಚಿಕೊಂಡು ಹೋಗೂದು. ವಾರದಾಗ ಮೂರು ಸಲ. ಇದನ್ನ ಮೊದಲು ನೋಡಿದಾಕಿ ಸಾವಕಾರ್ತಿ, ಮೊದಲು ಹೇಳಿದಾಕಿ ನಾನು.

ಲಿಫ್ಟಿನ್ಯಾಗ ಹೋದ್ರ ಸಪ್ಪಳಾಗ್ತೈತಿ ಅಂತ ಪಾವಟಿಗಿ ಹತ್ತಿದ್ವಿ. ನಾಲ್ಕು ಮಂದಿ, ಎಂಟು ಮೊಣಕಾಲು, ಅದ್ರಾಗ ಛಲೋ ಇದ್ದದ್ದು ಎರಡು. ಮ್ಯಾಲೆ ಹೋಗಿ ಟಾಕಿ ಹಿಂದ ಕಿವಿಗೊಟ್ಟು ನಿಂತ್ವಿ.

“ಇನ್ನೊಂದು ತಗೋರಿ,” ಅಂದಿದ್ದು ಕಾಕಾನ ದನಿ.

“ಬ್ಯಾಡ್ರಿ, ಯಾರರೆ ನೋಡಿದ್ರ?” ಇದು ಬಾಯಾರದ್ದು.

“ಯಾರು ಬರ್ತಾರ್ರಿ ಇಲ್ಲಿ? ಬಿಸಿ ಅದ, ಲಗೂ.”

ಮಾಸ್ತರ್ತಿ ಗ್ವಾಡಿ ಹಿಡಕೊಂಡ್ಲು. ಸಾವಕಾರ್ತಿ “ಶಿವ ಶಿವಾ” ಅಂತ ಕಣ್ಣು ಮುಚ್ಚಿಕೊಂಡ್ಲು, ಕಣ್ಣು ಮುಚ್ಚಿಕೊಂಡ ಎಲ್ಲಾರಕಿಂತ ಮೊದಲು ಮುಂದ ಹೋದ್ಲು.

ಟಾಕಿ ನೆರಳಿನ್ಯಾಗ ಪೇಪರ ಹಾಸಿ, ನಡುವ ಮಿರ್ಚಿ ಭಜಿ ಗುಂಪಿ ಹಾಕಿ, ಇಬ್ಬರೂ ಎದುರಾಬದುರಾ ಕುಂತಿದ್ರು. ಕಾಕಾಗ ಎದಿ ಡಾಕ್ಟರು ಎಣ್ಣಿ ಬಿಡಿಸ್ಯಾರ, ಬಾಯಾರಿಗೆ ಗಂಟಲ ಡಾಕ್ಟರು ಖಾರ ಬಿಡಿಸ್ಯಾರ. ಕಾಕಾ ಎದ್ದ ನಿಂತು ಎರಡೂ ಕೈ ಮುಗದ್ರು. ಒಂದ ಕೈಯಾಗ ಮಿರ್ಚಿ ಹಂಗ ಇತ್ತು.

“ನಮ್ಮ ಸೊಸಿಗೆ ಹೇಳಬ್ಯಾಡ್ರಿ ಅವ್ವಾರ.”

“ನಾವ್ಯಾಕ ಹೇಳೂಣ್ರಿ,” ಅಂದ್ಲು ಟೇಲರಬಾಯಿ. “ನೀವಿಬ್ರೂ ಕಟ್ಟಿಗೆ ಕೈ ಎತ್ತತೀರಿ, ಹೌದಲ್ಲ?”

ಅಲ್ಲಿಗೆ ಏಳು ಮತ ಆದ್ವು. ಖರೇ ಹೇಳಬೇಕಂದ್ರ, ಅವ್ರಿಬ್ಬರದು ಪ್ರೀತಿ ಆಗಿದ್ರ ನಾವು ನಾಲ್ಕು ದಿನ ಮಾತಾಡಿ ಕ್ಷಮಾ ಮಾಡಿಬಿಡತಿದ್ವಿ. ಬಿಸಿ ಮಿರ್ಚಿ ತರಿಸಿ ನಮ್ಮನ್ನ ಕರೀದ ತಿಂದಾರಲ್ಲ, ಅದಕ್ಕ ಮಾತ್ರ ಕ್ಷಮಾ ಇಲ್ಲ.

ಲಿಫ್ಟಿನ್ಯಾಗಿನ ನೆಗೆಣ್ಯಾರು

ಉಳಿದ ಎರಡು ಮತ ಇಬ್ಬರು ನೆಗೆಣ್ಯಾರದ್ದು. ಅಣ್ಣ-ತಮ್ಮರನ್ನ ಮದವಿ ಆದವ್ರು. ಹಿರೇಕಿ ಒಂದನೇ ಮಾಳಿಗ್ಯಾಗ, ಸಣ್ಣಾಕಿ ನಾಲ್ಕನೇದ್ರಾಗ. ಅತ್ತಿಯ ಬೋರಮಾಳ ಸರ ಯಾರಿಗೆ ಹೋತು ಅನ್ನೂದರ ಮ್ಯಾಲೆ ಆರು ವರ್ಷದಿಂದ ಮಾತಿಲ್ಲ, ಕತಿ ಇಲ್ಲ. ಗಂಡಂದ್ರೂ ಮಾರಿ ತಿರುವತಾರ.

ಒಂದಿನ ಇಬ್ಬರೂ ನೋಡದ ಒಂದ ಲಿಫ್ಟ ಹೊಕ್ಕರು, ಅಷ್ಟ್ರಾಗ ಕರೆಂಟ ಹೋತು. ಎರಡನೇ ಮಾಳಿಗಿಗೂ ಮೂರನೇ ಮಾಳಿಗಿಗೂ ನಡುವ ಲಿಫ್ಟ ನಿಂತುಬಿಡ್ತು. ನಾವು ಕೆಳಗ ಗುಂಪು ಕೂಡಿದ್ವಿ. ಮೊದಲು ಒಂದು ಸಪ್ಪಳಿಲ್ಲ. ಆಮ್ಯಾಲೆ ಪಿಸಿಪಿಸಿ. ಆಮ್ಯಾಲೆ ಜೋರು ಜೋರು. ಒಬ್ಬರಿಗೊಬ್ರು ಕುತಗಿ ಹಿಚಕ್ಯಾರು ಅಂತ ಮಾಸ್ತರ್ತಿ ದೇವರ ನೆನಸಿದ್ಲು. ನೋಡತೇವಿ, ಮ್ಯಾಲಿಂದ ಖೊಳ್ಳ ಅಂತ ನಗು!

ಆಗಿದ್ದಿಷ್ಟ. ಅತ್ತಿ ಆ ಸರ ತನ್ನ ಮಗಳಿಗೆ ಕೊಟ್ಟು, ಹಿರೇಕಿಗೆ “ಸಣ್ಣಾಕಿಗೆ ಕೊಟ್ಟೆ” ಅಂದಿದ್ಲು, ಸಣ್ಣಾಕಿಗೆ “ಹಿರೇಕಿಗೆ ಕೊಟ್ಟೆ” ಅಂದಿದ್ಲು. ಆರು ವರ್ಷದ ಸಿಟ್ಟು ಇಬ್ಬರೂ ಕೂಡಿ ಅತ್ತಿ ಕಡೆ ತಿರುಗಿಸಿದ್ರು. ಕರೆಂಟ ಬಂತು, ಲಿಫ್ಟ ಕೆಳಗ ಬಂತು, ಬಾಗಲಾ ತಗೀತು. ನಾವು ನೀರು ಹಿಡಕೊಂಡು ನಿಂತಿದ್ವಿ. ಸಣ್ಣಾಕಿ ನಮ್ಮನ್ನ ನೋಡಿ, “ನೀವು ಮುಂದಿಂದಕ್ಕ ಬರ್ರಿ, ನಮ್ಮದಿನ್ನಾ ಮುಗದಿಲ್ಲ,” ಅಂತ ಗುಂಡಿ ಒತ್ತಿ ಬಾಗಲಾ ಹಾಕ್ಕೊಂಡ್ಲು.

ಈಗೂ ಹೊರಗ ಮಾತಿಲ್ಲ, ಗಂಡಂದ್ರಿಗೆ ಗೊತ್ತಾಗಬಾರದು. ದಿನಾ ಸಂಜೀಕ ಆರಕ್ಕ ಲಿಫ್ಟಿನ್ಯಾಗ ಮ್ಯಾಲೆ ಕೆಳಗ ನಾಲ್ಕು ಸುತ್ತು ಹಾಕತಾರ. ನಾನೂ ಒಂದಿನ ಒಳಗ ಹೊಕ್ಕು ಕಟ್ಟಿ ಸುದ್ದಿ ತಗದೆ. ಇಬ್ಬರೂ “ಕೈ ಎತ್ತತೇವಿ, ಚಿಂತಿ ಬಿಡ್ರಿ” ಅಂದ್ರು. ಒಬ್ಬಾಕಿ ಮನಿ ಒಂದನೇ ಮಾಳಿಗ್ಯಾಗ, ಇನ್ನೊಬ್ಬಾಕಿ ಮನಿ ನಾಲ್ಕನೇದ್ರಾಗ. ಬಾಂಧವ್ಯ ಮಾತ್ರ ಎರಡಕ್ಕೂ ಮೂರಕ್ಕೂ ನಡುವ.

ಸಭಾ

ನವರಾತ್ರಿ ಮುಂದ ಸಭಾ ಆತು, ಕಟ್ಟಿ ಎದುರಿಗೇ. ಅಧ್ಯಕ್ಷರು ಎದ್ದ ನಿಂತು, “ಕಟ್ಟಿ ಇರಬೇಕು ಅನ್ನಾವ್ರು ಕೈ ಎತ್ರಿ” ಅಂದ್ರು. ನಮ್ಮ ನಾಲ್ಕು ಎದ್ದುವು. ಕಾರಿಲ್ಲದ ಮನೀದು ಎದ್ದಿತು. ಕಾಕಾ ಸೊಸಿ ಮಾರಿ ನೋಡದ ಎತ್ತಿದ್ರು, ಬಾಯಾರು ಎತ್ತಿದ್ರು. ಹಿರೇ ನೆಗೆಣಿ ಎತ್ತಿದ್ಲು. ಸಣ್ಣಾಕಿ ಅರ್ಧಾ ಎತ್ತಿದ್ಲು, ಬಾಜೂಕ ಕುಂತ ಗಂಡ, “ಆಕಿ ಎತ್ತಿದ್ದಕ್ಕ ನೀನೂ ಎತ್ತತೀ?” ಅಂತ ಕಣ್ಣು ಕಿಸದ. ಎತ್ತಿದ ಕೈಲೆ ಸಣ್ಣಾಕಿ ತುರುಬು ಸರಿ ಮಾಡಿಕೊಂಡ್ಲು.

ಎಂಟಕ್ಕ ಎಂಟು. “ಸಮ ಸಮ ಆದ್ರ ಅಧ್ಯಕ್ಷರದ್ದು ಇನ್ನೊಂದು ಮತ ಇರ್ತದ, ನಿಯಮ ಅದ,” ಅಂದ್ರು ಅಧ್ಯಕ್ಷರು. ಮೊದಲನೇ ಸಲ ಬಲಗೈ ಎತ್ತಿದ್ರು, ಈಗ ಎಡಗೈ ಎತ್ತಿದ್ರು. ಬನ್ನಿ ಹಬ್ಬದ ಮರುದಿನ ಗೌಂಡಿ ಬರೂದು ಅಂತ ಠರಾವಾತು.

ತಪ್ಪು ನಮ್ಮದ. ಸಭಾ ಲಿಫ್ಟಿನ್ಯಾಗ ಕರೀಬೇಕಾಗಿತ್ತು.

ಖಂಡೇ ಪೂಜಿ

ಖಂಡೇ ಪೂಜಿ ದಿನ ಯಾರು ಯಾವುದರ ಮ್ಯಾಲೆ ಬದಕತಾರೋ ಅದನ್ನ ಪೂಜಿ ಮಾಡಬೇಕು. ಅಧ್ಯಕ್ಷರು ಎರಡೂ ಕಾರು ತೊಳಸಿ, ಚೆಂಡು ಹೂವಿನ ಮಾಲಿ ಹಾಕಿ, ಗಾಲಿ ಬುಡಕ ಲಿಂಬಿಹಣ್ಣು ಇಟ್ರು. ಟೇಲರಬಾಯಿ ಮಶೀನಿಗೆ ಪೂಜಿ ಮಾಡಿದ್ಲು, ಸಾವಕಾರ್ತಿ ತಕ್ಕಡಿಗೆ, ಮಾಸ್ತರ್ತಿ ಗಂಡನ ಪುಸ್ತಕಕ್ಕ.

“ನಿಂದೇನವಾ?” ಅಂತ ಮೂವರೂ ನನ್ನ ಕೇಳಿದ್ರು.

ನಾ ವಿಚಾರ ಮಾಡಿದೆ. ನನ್ನ ಕೆಲಸ ನಡಿಯೂದು ಕಟ್ಟಿ ಮ್ಯಾಲೆ. ನಾಡದ್ದ ಹೋಗೂ ಜೀವ, ಹೋಗೂ ಮುಂದ ಒಂದು ಕಾಯಿ ಒಡದು ಕಳಸೂಣು ಅಂತ ಅದಕ್ಕ ನೀರು ಹಾಕಿ, ಇಬತ್ತಿ ಬಳದು, ಕುಂಕುಮ ಹಚ್ಚಿ, ಅಧ್ಯಕ್ಷರ ಕಾರಿಂದ ಉದುರಿದ ಹೂವ ಏರಿಸಿ, ಕಾಯಿ ಒಡದೆ. ಇಷ್ಟ ನಾ ಮಾಡಿದ್ದು. ಮರುದಿನ ಬನ್ನಿ ಕೊಡಾಕ ಎಲ್ಲಾ ಮನ್ಯಾವ್ರೂ ಕೆಳಗ ಬಂದ್ರು. ಕುಂಕುಮ ನೋಡಿದವರು ಯಾಕ, ಏನು ಅಂತ ಕೇಳಲಿಲ್ಲ. ಒಬ್ಬೊಬ್ಬರ ಒಂದೊಂದು ಬನ್ನಿ ಎಲಿ ಇಟ್ಟು ಕೈ ಮುಗದ್ರು. ಮನಿಗೆಲಸದ ಹೆಣಮಕ್ಕಳು ಊದಿನಕಡ್ಡಿ ಹಚ್ಚಿದ್ರು. ವಾಕಿಂಗದ ಗಂಡಸರೊಳಗ ಯಾರೋ ಒಂದು ಗಂಟಿ ತಂದು ಕಂಬಕ್ಕ ತೂಗಬಿಟ್ರು.

ಮರುದಿನ ಗೌಂಡಿ ಹಾರಿ-ಸುತ್ತಿಗಿ ಹಿಡಕೊಂಡು ಬಂದ. ಕಟ್ಟಿ ನೋಡಿದಾವನ ಚಪ್ಪಲಿ ಬಿಟ್ಟ, ಗಂಟಿ ಬಾರಿಸಿದ.

“ಒಲ್ಲೆ ರೀ ಸಾಹೇಬ್ರ. ನಂಗೂ ಮಕ್ಕಳು ಮರಿ ಅದಾವ.”

“ಅಲ್ಲೋ, ಅದು ಬರೇ ಕಟ್ಟಿ ಅದ!” ಅಂತ ಅಧ್ಯಕ್ಷರು ಒದರಿದ್ರು. ಮೂರನೇ ಮಾಳಿಗಿ ಗ್ಯಾಲರಿಯಿಂದ ಅವ್ರ ಹೆಂಡ್ತಿ ಅವ್ರಕಿಂತ ಜೋರು ಒದರಿದ್ರು: “ಏನ್ರೀ! ಅದರ ಮೈಗೆ ಕೈ ಹಚ್ಚಿದ್ರ ನೋಡ್ರಿ ಮತ್ತ! ನಿನ್ನೆ ನಾ ಹರಕಿ ಹೊತ್ತೇನಿ ಅಲ್ಲಿ!”

ಗೌಂಡಿ ಒಂದು ಚೂರು ಕೊಬ್ರಿ ಬಾಯಾಗ ಒಗಕೊಂಡು ಹೋದ. ಗೆದ್ವಿ ಅಂತ ಸಂಜೀಕ ಐದಕ್ಕ ನಾಲ್ಕೂ ಮಂದಿ ಇಳದು ಬಂದ್ವಿ. ಕಟ್ಟಿ ಮುಂದ ನಿಂತ್ವಿ.

“ನೀ ಕೂಡವಾ,” ಅಂದ್ಲು ಸಾವಕಾರ್ತಿ.

“ನೀ ಮೊದಲು ಕೂಡು.”

“ಕುಂಕುಮದ ಮ್ಯಾಲೆ ಹೆಂಗ ಕೂಡ್ಲೆವಾ?”

ಕುಂಕುಮ ಹಚ್ಚಿದಾಕಿ ನಾನ. ಒಳಗ ಏನೂ ಇಲ್ಲ, ಇಟ್ಟಂಗಿ ಐತಿ ಅಂತ ಎಲ್ಲಾರಕಿಂತ ಛಲೋ ಗೊತ್ತಿದ್ದಾಕೀನೂ ನಾನ. ಆದ್ರೂ ಕುಂಡಿ ಕೆಳಗ ಇಳೀವಲ್ದು. ಏಳರ ತನಕಾ ನಿಂತ ಮಾತಾಡಿ, ಕಾಲು ಹಿಡಕೊಂಡು ಮ್ಯಾಲೆ ಹೋದ್ವಿ. ಕಟ್ಟಿ ಉಳಿಸಿಕೊಂಡು ಕೂಡೂ ಜಾಗಾ ಕಳಕೊಂಡವ್ರು ಹುಬ್ಬಳ್ಳ್ಯಾಗ ನಾವ ಇರಬೇಕು.

ನಮ್ಮ ಪುಣ್ಯಾಕ ಅಧ್ಯಕ್ಷರ ಹೆಂಡ್ತಿ ಇದ್ರು. ಪ್ರದಕ್ಷಿಣಿ ಹಾಕಾಕ ಜಾಗಾ ಸಾಲವಲ್ದು ಅಂತ ಅವ್ರು ಕಟ್ಟಿ ಬಾಜೂಕ ನಿಲ್ಲತಿದ್ದ ಗಂಡನ ಮೊದಲನೇ ಕಾರೂ ತಗಸಿದ್ರು. ಈಗ ಎರಡೂ ಕಾರು ಹೊರಗ ರಸ್ತೆದಾಗ, ಎಲ್ಲಿ ಸಂದಿ ಸಿಕ್ತೋ ಅಲ್ಲಿ. ಖಾಲಿ ಆದ ಜಾಗಾದಾಗ ನಾವು ನಾಲ್ಕು ಪ್ಲಾಸ್ಟಿಕ ಕುರ್ಚಿ ಹಾಕ್ಕೊಂಡ್ವಿ.

ಮೊನ್ನೆ ಸಂಜೀಕ ಅಧ್ಯಕ್ಷರು ಕಾರಿನ ಕೀಲಿ ಹಿಡಕೊಂಡು ಇಳದು ಬಂದ್ರು. ನಮ್ಮ ಮುಂದ ನಿಂತು ಅಂದ್ರು: “ಕಟ್ಟಿ ಉಳೀತಲ್ಲ, ಅದರ ಮ್ಯಾಲೆ ಕೂಡ್ರಿ. ನನ್ನ ಕಾರಿನ ಜಾಗಾ ಬಿಡ್ರಿ. ಅದು ಬರೇ ಇಟ್ಟಂಗಿ ಅದ, ಏನೂ ಆಗೂದಿಲ್ಲ. ನಾ ಹೇಳತೇನಲ್ಲ.”

“ಆತ್ರಿ,” ಅಂದೆ. “ನೀವೊಮ್ಮೆ ಕುಂತು ತೋರಸ್ರಿ. ನಿಮ್ಮ ಹಿಂದ ನಾವೂ ಕೂಡತೇವಿ.”

ಅಧ್ಯಕ್ಷರು ಮ್ಯಾಲೆ ಗ್ಯಾಲರಿ ನೋಡಿದ್ರು, ಹೆಂಡ್ತಿ ಇರಲಿಲ್ಲ. ಗೇಟಿನ ಕಡೆ ನೋಡಿದ್ರು, ಯಾರೂ ಇರಲಿಲ್ಲ. ಕಟ್ಟಿಗೆ ಬೆನ್ನ ಮಾಡಿ ನಿಂತು, ಪ್ಯಾಂಟು ಮೊಣಕಾಲಿನ ಹಂತ್ಯಾಕ ಮ್ಯಾಲೆ ಜಗ್ಗಿಕೊಂಡು, ಮೆಲ್ಲಕ ಬಗ್ಗಿದ್ರು. ಇನ್ನೊಂದು ಗೇಣು ಉಳದಿತ್ತು. ಅಲ್ಲೇ ನಿಂತ್ರು. ಒಮ್ಮೆ ಹಿಂದ ತಿರುಗಿ ಕುಂಕುಮ ನೋಡಿದ್ರು.

ಆಮ್ಯಾಲೆ ನೆಟ್ಟಗಾಗಿ, ಕಟ್ಟಿ ಮುಟ್ಟಿ ಎರಡೂ ಕಣ್ಣಿಗೆ ಹಚ್ಚಿಕೊಂಡು, ಇವತ್ತ ಕಾರು ಯಾವ ಓಣ್ಯಾಗ ಬಿಟ್ಟೇನಿ ಅಂತ ನೆನಸಿಕೋತ ಗೇಟ ದಾಟಿದ್ರು.